ಕುಣಿಗಲ್ ಸಮುದ್ರದ ವ್ಯಾಪಾರದ ಮಾತು

ಕೆರೆಯನ್ನೇ ಸಮುದ್ರ ಎಂದು ನಂಬುವುದಕ್ಕೆ ಯಾರ ಅಪ್ಪಣೆಯೂ ಬೇಡವಾಗಿದ್ದ ಕಾಲ ಅದು. ಎಪ್ಪತ್ತರ ದಶಕದ ಕೊನೆ. ಕುಣಿಗಲ್ಲಿನಲ್ಲಿ ನನಗಿದ್ದವಳು ಒಬ್ಬಳೇ ಗೆಳತಿ, ಪಕ್ಕದ ಮನೆಯ ಉಷಾ. ಅವಳ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು. ನಿಜವಾದ ಸಮುದ್ರವನ್ನು ನಾವಿಬ್ಬರೂ ಕಂಡಿರಲಿಲ್ಲ. ಹಾಗಾಗಿ ಕೆರೆ ಏರಿಯ ಒಂದೊಂದು ಕಲ್ಲೂ ಒಂದೊಂದು ಬಂದರು. ದೇಶದೇಶದ ಹಡಗಿನವರು ಅಲ್ಲಿ ವ್ಯಾಪಾರ ಮಾಡಬೇಕಲ್ಲ? ಅದಕ್ಕೊಂದು ಭಾಷೆ ಕಟ್ಟಿದೆವು. ಉಪ್ಪಿಗೆ ‘ಲಂಬಾ’, ಹಡಗಿಗೆ ‘ಮರೂ’, ಮೋಸಕ್ಕೆ ‘ಝೂಪಿ’. ಬಂದರಿನಲ್ಲಿ ಕನ್ನಡ ಆಡಿದವರ ಸರಕು ಮುಟ್ಟುಗೋಲು. ಸರಕೆಂದರೆ ಹುಣಸೆಬೀಜ, ಕೊಬ್ಬರಿ ಚೂರು. ಕೆಸರು, ಜೊಂಡಿನ ವಾಸನೆಯಲ್ಲಿ ಕೂತು, ಕೊಬ್ಬರಿಯನ್ನು ಮಾರುವ ಮೊದಲೇ ನಾನು ತಿಂದು ಮುಗಿಸುತ್ತಿದ್ದೆ.

“ಝೂಪಿ!” ಎಂದು ಉಷಾ ಕೂಗುತ್ತಿದ್ದಳು.

ಮನೆಯಲ್ಲೂ ಅದೇ ಮಾತು. “ಏನ್ಲೇ ಅದು, ಗಂಟ್ಲಲ್ಲಿ ಮುಳ್ಳು ಸಿಕ್ಕೊಂಡೈತಾ?” ಅನ್ನುತ್ತಿದ್ದಳು ಅವ್ವ.

ಉಷಾಳ ತಂದೆಗೆ ತುಮಕೂರಿಗೆ ವರ್ಗವಾಯಿತು. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದವಳು. ಮತ್ತೆ ಸಿಕ್ಕಾಗ ಒಂದು ಪದ ಮರೆತಿದ್ದರೂ ಅವಳು ಏನಂದುಕೊಂಡಾಳು ಎಂಬುದೇ ದಿಗಿಲು. ದಿನಾ ಸಂಜೆ ಏರಿಗೆ ಹೋಗಿ, ಕೊಳ್ಳುವವಳೂ ಮಾರುವವಳೂ ನಾನೇ ಆಗಿ ಚೌಕಾಸಿ ಮಾಡುತ್ತಿದ್ದೆ. ಎರಡೂ ಕಡೆ ನಾನೇ ಇದ್ದರೂ ಹೇಗೋ ನನಗೇ ನಷ್ಟವಾಗುತ್ತಿತ್ತು.

ಬೇಸಿಗೆ ರಜೆಯಲ್ಲಿ ಅಪ್ಪ ತುಮಕೂರಿಗೆ ಕರೆದುಕೊಂಡು ಹೋದರು. ಸದಾಶಿವನಗರದ ಮನೆಯ ಜಗಲಿಯಲ್ಲಿ ಉಷಾ ತನ್ನ ಹೊಸ ಗೆಳತಿ ಶೈಲಜಾ ಜೊತೆ ಕೂತಿದ್ದಳು. ನಾನು ಪದ್ಯ ಒಪ್ಪಿಸುವವಳಂತೆ ನೆಟ್ಟಗೆ ನಿಂತು “ಮರೂ ಲಂಬಾ!” ಎಂದೆ. ಅಂದರೆ, ಉಪ್ಪಿನ ಹಡಗು ಬಂತು.

ಉಷಾಳ ಮುಖ ಅರಳಿತು. ತಟ್ಟನೆ ಏನೋ ಉತ್ತರ ಕೊಟ್ಟಳು. ಶೈಲಜಾ ಅದಕ್ಕೆ ಇನ್ನೇನೋ ಸೇರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಒಂದು ಪದವೂ ತಿಳಿಯಲಿಲ್ಲ. ನಾನು ಜೋಪಾನ ಮಾಡಿಟ್ಟ ಭಾಷೆ ಅವರ ಬಾಯಲ್ಲಿ ಬೆಳೆದುಬಿಟ್ಟಿತ್ತು. ಮಳೆಗೆ, ಮುನಿಸಿಗೆ, ಲೆಕ್ಕದ ಮೇಷ್ಟ್ರಿಗೆ ಕೂಡ ಅದರಲ್ಲೀಗ ಪದವಿದೆಯಂತೆ.

“ಪಾಪ, ಇವಳಿಗೆ ಅಷ್ಟೆಲ್ಲಾ ಬರಲ್ಲ ಕಣೇ. ಕನ್ನಡದಲ್ಲೇ ಹೇಳು,” ಎಂದಳು ಉಷಾ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಕಷ್ಟವಾದದ್ದು ಅದೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು, “ಏನ್ ಮಾತಾಡ್ಕೊಂಡ್ರಮ್ಮಾ ಇಬ್ರೂ?”

“ಕನ್ನಡ,” ಎಂದೆ.

ಉಷಾ, ಶೈಲಜಾ ಅದನ್ನೆಲ್ಲ ಎಂದೋ ಮರೆತಿರಬೇಕು. ಮನಸಾರೆ ಆಡಿ ಮುಗಿಸಿದವರಿಗೆ ಮರೆಯುವ ಹಕ್ಕಿದೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವ ಈ ವಯಸ್ಸಿನಲ್ಲೂ ನನಗೆ ಆ ಪದಗಳು ಒಂದೂ ತಪ್ಪಿಲ್ಲ. ಚೌಕಾಸಿಗೆ ಎದುರಿಗೊಬ್ಬರು ಇಲ್ಲ, ಅಷ್ಟೆ.