ಗೀಸರ್ ನೋಡಲು ಹೋದ ಸೇಸಪ್ಪ

ಆಡು ಮುಟ್ಟದ ಸೊಪ್ಪಿಲ್ಲ, ಸೇಸಪ್ಪ ಬಿಚ್ಚದ ಗೀಸರಿಲ್ಲ ಎಂದು ದುಬೈಯ ತುಳುವರಲ್ಲಿ ಒಂದು ಮಾತಿತ್ತು. ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪಿನಲ್ಲಿದ್ದುಕೊಂಡು ಹತ್ತೊಂಬತ್ತು ವರ್ಷ ಜನರ ಸ್ನಾನದ ನೀರು ಕಾಯಿಸಿಕೊಟ್ಟವನು ಅವನು. ಊರಿನವರು ಶುಕ್ರವಾರ ಊಟಕ್ಕೆ ಕರೆಯುತ್ತಿದ್ದರು, ಕೋರಿ ರೊಟ್ಟಿ ಬಡಿಸುತ್ತಿದ್ದರು. ಕೈ ತೊಳೆಯುವ ಹೊತ್ತಿಗೆ ಮಾತ್ರ, "ಸೇಸಪ್ಪಣ್ಣ, ಹೇಗೂ ಬಂದಿದ್ದೀರಲ್ಲ, ನಮ್ಮ ಗೀಸರ್ ಒಮ್ಮೆ ನೋಡ್ತೀರಾ?" ಎನ್ನುತ್ತಿದ್ದರು. ತನಗಾಗಿ ತನ್ನನ್ನು ಕರೆಯುವವರು ಈ ದೇಶದಲ್ಲಿ ಒಬ್ಬರೂ ಇಲ್ಲ ಎಂಬುದು ಸೇಸಪ್ಪನ ಸಂಕಟ. ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಅವನು ಎಷ್ಟೋ ಸಲ ಶಪಥ ಮಾಡಿದ್ದ. ಕೋರಿ ರೊಟ್ಟಿಯ ಮುಂದೆ ಅದು ನಿಲ್ಲುತ್ತಿರಲಿಲ್ಲ.

2014ರ ಡಿಸೆಂಬರಿನಲ್ಲಿ ಪೃಥ್ವಿರಾಜ್ ಫೋನ್ ಮಾಡಿದ. ದೂರದ ವರಸೆಯಲ್ಲಿ ಅಳಿಯ. ಜುಮೇರಾ ಲೇಕ್ ಟವರ್ಸ್‌ನಲ್ಲಿ ಟೈ ಕಟ್ಟಿ ಕೂರುವ ಕೆಲಸ.

"ಮಾವ, ಶುಕ್ರವಾರ ಅಲ್ ಐನ್‌ಗೆ ಗೀಸರ್ ನೋಡ್ಲಿಕ್ಕೆ ಹೋಗುವ."

"ಎಷ್ಟು ಲೀಟರಿಂದು?"

ಅಳಿಯ ಹೊಟ್ಟೆ ಹಿಡಿದು ನಕ್ಕ. "ಅದಕ್ಕೆ ಲೆಕ್ಕ ಇಲ್ಲ ಮಾವ!"

ಬಾಸಿನ ವಿಲ್ಲಾ ಇರಬೇಕು, ಅಳಿಯನಿಗೆ ಬಡ್ತಿ, ತನ್ನ ಕೈಗೆ ಬೊಕ್ಕೆ ಎಂದುಕೊಂಡು ಸೇಸಪ್ಪ ಸ್ಪ್ಯಾನರು, ಎರಡು ಥರ್ಮೋಸ್ಟ್ಯಾಟು ಚೀಲಕ್ಕೆ ತುಂಬಿಕೊಂಡ. ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಕೂತಿದ್ದ. ಅಳಿಯನ ಹೆಂಡತಿ ಸುಪ್ರೀತಾ ಗೋಳಿಬಜೆ ಕೊಟ್ಟಾಗ ಮಾತ್ರ, ಮುಂಗಡ ಕೂಲಿ ಎಂದು ಲೆಕ್ಕ ಹಾಕಿ ಆರು ತಿಂದ.

ಕಾರು ನಿಂತದ್ದು ಜೆಬೆಲ್ ಹಫೀತ್ ಬೆಟ್ಟದ ಬುಡದಲ್ಲಿ. ವಿಲ್ಲಾ ಇಲ್ಲ, ಬಾಸೂ ಇಲ್ಲ. ಒಂದು ಕಡೆ ಬಿಸಿನೀರು ಆಳೆತ್ತರ ಚಿಮ್ಮುತ್ತಿತ್ತು. ಪಕ್ಕದ ಕಾಲುವೆಯಲ್ಲಿ ಹಬೆಯಾಡುವ ನೀರಿಗೆ ಕಾಲು ಇಳಿಬಿಟ್ಟು ಜನ ಸಾಲಾಗಿ ಕೂತಿದ್ದರು.

"ಗೀಸರ್ ಎಲ್ಲಿ ಮಾರಾಯ?"

"ಇದೇ ಮಾವ. ಭೂಮಿಯೊಳಗಿಂದ ಬಿಸಿಯಾಗಿಯೇ ಬರುದು. ಇಂಗ್ಲಿಷಿನಲ್ಲಿ ಇದಕ್ಕೂ ಗೀಸರ್ ಅಂತಲೇ ಹೇಳುದು."

"ಥರ್ಮೋಸ್ಟ್ಯಾಟ್?"

"ಅರಬ್ಬಿಗಳು ಹೇಳುವ ಹಾಗೆ, ಮಾಫಿ! ಇಲ್ಲವೇ ಇಲ್ಲ!"

ಕೆಳಗೆ ಎಲ್ಲೋ ನೀರು ಕಾಯಿಸುವ ಕಾಯಿಲ್ ಇಟ್ಟಿದ್ದಾರೆ ಎಂದು ಸೇಸಪ್ಪ ಕಾಲುವೆಯ ಅಂಚನ್ನು ತಡಕಾಡಿದ. ಸುಪ್ರೀತಾ ಅವನ ಚೀಲ ಕಿತ್ತು ಕಾರಿನಲ್ಲಿಟ್ಟಳು. "ನಿಮ್ಮ ಮೊಣಕಾಲು ನೋಯ್ತದೆ ಅಂತ ಇವರು ಹೇಳಿದ್ರು. ಅದಕ್ಕೇ ಕರ್ಕೊಂಡು ಬಂದದ್ದು. ಸುಮ್ಮನೆ ಕಾಲು ಇಳಿಬಿಡಿ ಮಾವ."

ಸೇಸಪ್ಪ ನಂಬಲಿಲ್ಲ. ಪ್ಯಾಂಟು ಮಡಚಿ ಕಾಲು ಇಳಿಬಿಟ್ಟ, ಆದರೆ ಕಿವಿ ನೆಟ್ಟಗೇ ಇತ್ತು. ಕೆಲಸದ ಮಾತು ಈಗ ಬರುತ್ತದೆ, ಇನ್ನೇನು ಬಂತು ಎಂದು ಕಾದ.

ಬಂತು, ಎದುರು ದಂಡೆಯಿಂದ. ದುಬೈಯ ಅಲ್ ನಹ್ದಾದಲ್ಲಿ ಮನೆ ಮಾಡಿದ್ದ ಊರಿನವರೇ ಆದ ಎವ್ಲಿನ್ ಬಾಯಿ ಕೂಗಿದರು, "ಓ ಸೇಸಪ್ಪಣ್ಣ! ದೇವರೇ ಸಿಕ್ಕಿದ ಹಾಗಾಯ್ತು. ನಮ್ಮ ಗೀಸರ್ ಸೋರ್ತಾ ಉಂಟು, ಸಂಜೆ ಬನ್ನಿ ಆಯ್ತಾ?"

ಅಭ್ಯಾಸಬಲದಿಂದ ಸೇಸಪ್ಪನ ತಲೆ ಆಗಲೇ ಅಲ್ಲಾಡಿತ್ತು.

"ಇವತ್ತು ಆಗ್ಲಿಕ್ಕಿಲ್ಲ ಆಂಟಿ," ಎಂದಳು ಸುಪ್ರೀತಾ. "ಮಾವ ಇವತ್ತು ನಮ್ಮ ನೆಂಟರು. ಕೆಲಸಕ್ಕೆ ಬಂದದ್ದಲ್ಲ."

 ಅಷ್ಟು ಜನರ ನಡುವೆ, ಪ್ಯಾಂಟು ಮಡಚಿಕೊಂಡು ಅಳುವುದುಂಟೇ? ಸೇಸಪ್ಪ ಹಬೆಗೆ ಬೈದು ಕಣ್ಣು ಒರೆಸಿಕೊಂಡ. ಅವನಿಗೆ ಹೇಳಲಾಗದಷ್ಟು ಖುಷಿಯಾಗಿತ್ತು. ಆಮೇಲೆ ಎದುರು ದಂಡೆಗೆ ಕೇಳುವಂತೆ, ಬೇಕೆಂದೇ ದೊಡ್ಡ ಸ್ವರದಲ್ಲಿ ಹೇಳಿದ:

"ನನಗೆ ಬರ್ಬೇಕು ಅಂತ ಉಂಟು ಬಾಯಮ್ಮ. ಆದ್ರೆ ಮನೆಯವರು ಬಿಡ್ಬೇಕಲ್ಲ!"