ಒಳ್ಳೆಯ ಕಣ್ಣಿಗೆ ಪಟ್ಟಿ

ಬಸ್ಸಿನಲ್ಲಿ ಎದುರಿಗೆ ಕುಳಿತವರ ಕಣ್ಣನ್ನೇ ದಿಟ್ಟಿಸುವ ಕೆಟ್ಟ ಚಟವೊಂದು ಈಚೆಗೆ ನನಗೆ ಅಂಟಿಕೊಂಡಿದೆ. ಸೀರೆ ನೋಡುವುದಿಲ್ಲ, ಕಿವಿಯೋಲೆ ನೋಡುವುದಿಲ್ಲ. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿವೆಯೋ ಇಲ್ಲವೋ ಎಂದಷ್ಟೇ ನೋಡುತ್ತೇನೆ. ಯರಗಟ್ಟಿಯಿಂದ ಬೈಲಹೊಂಗಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹೀಗೆ ನೋಡುತ್ತ ಕುಳಿತಿದ್ದಾಗ ಒಬ್ಬ ಹೆಂಗಸು ಸೆರಗು ಸರಿಪಡಿಸಿಕೊಂಡು, "ಯಾಕ ತಂಗಿ, ಗುರುತ ಹತ್ತೇನು? ನಮ್ಮ ಪೈಕಿ ಏನು?" ಎಂದು ಕೇಳಿದಳು. ನಿಮ್ಮ ಬಲಗಣ್ಣು ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ ಎಂದು ಹೇಳುವುದಾದರೂ ಹೇಗೆ? "ಹೂಂರಿ, ಎಲ್ಲೋ ನೋಡಿದಂಗ ಆತು" ಎಂದುಬಿಟ್ಟೆ. ಬೈಲಹೊಂಗಲ ಬರುವತನಕ ಇಬ್ಬರೂ ಸೇರಿ ಇಲ್ಲದ ನೆಂಟಸ್ತಿಕೆಯನ್ನು ಹುಡುಕಿದೆವು. ಕೊನೆಗೆ ರಾಮದುರ್ಗದ ಕಡೆಯ ಯಾರದೋ ಮದುವೆಯಲ್ಲಿ ಅದು ಸಿಕ್ಕಿಯೂ ಬಿಟ್ಟಿತು.

ಈ ಚಟಕ್ಕೆ ಕಾರಣ ನನ್ನ ನೌಕರಿ. ಬೈಲಹೊಂಗಲದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಸೇರಿದ ಆರ್ಥಾಪ್ಟಿಸ್ಟ್. ಹೆಸರು ಕೇಳಿ ನೀವು ಮುಖ ಕಿವಿಚಿದರೆ ನನಗೇನೂ ಬೇಸರವಿಲ್ಲ, ಬೋರ್ಡು ಬರೆದ ಪೇಂಟರನೂ ಕಿವಿಚಿದ. ನಾನು ಆಪರೇಷನ್ ಮಾಡುವ ಡಾಕ್ಟರಲ್ಲ, ಚಸ್ಮಾ ಕೊಡುವವಳೂ ಅಲ್ಲ. ಎರಡು ಕಣ್ಣುಗಳು ಕೂಡಿ ಬಾಳುವಂತೆ ನೋಡಿಕೊಳ್ಳುವವಳು ಎಂದುಕೊಳ್ಳಿ. ಮೆಳ್ಳಗಣ್ಣಿನ ಮಕ್ಕಳು, ಒಂದು ವಸ್ತು ಎರಡಾಗಿ ಕಾಣುವ ಹಿರಿಯರು, ಇವರೆಲ್ಲ ನನ್ನ ಪಾಲು. ಹಿಂದೆ ಹಳೆಯ ಸಾಮಾನು ತುಂಬಿದ್ದ ಕೋಣೆ ನನಗೆ ಸಿಕ್ಕಿತು. ಮೊದಮೊದಲು ನನ್ನ ಬಾಗಿಲಿಗೆ ಬಂದವರಲ್ಲಿ ಹೆಚ್ಚಿನವರು ಕುಡಿಯುವ ನೀರು ಎಲ್ಲಿದೆ ಎಂದು ಕೇಳಲು ಬಂದವರು. ಕಿತ್ತೂರು ಕಡೆಯ ಯಜಮಾನರೊಬ್ಬರಂತೂ ಬೋರ್ಡನ್ನು ಮೂಳೆ ಡಾಕ್ಟರದೆಂದು ಓದಿಕೊಂಡು, ಧೋತರ ಮೇಲೆತ್ತಿ ಮೊಣಕಾಲು ತೋರಿಸಿದರು. ಅವರ ಮೊಣಕಾಲಿನ ಕಥೆಯನ್ನು ಪೂರ್ತಿ ಕೇಳಿ ಕಳಿಸಿದೆ. ಬೇರೆ ಕೆಲಸವೇನೂ ಇರಲಿಲ್ಲ.

ನಾವು 'ಕಣ್ಣು ತುಂಬಿ ಬಂತು' ಎನ್ನುತ್ತೇವೆ, 'ಕಣ್ಣು ಹತ್ತಲಿಲ್ಲ' ಎನ್ನುತ್ತೇವೆ. ಇರುವುದು ಎರಡಾದರೂ ಒಂದೇ ಇದ್ದಂತೆ ಮಾತಾಡುತ್ತೇವೆ. ನಮ್ಮ ಮಿದುಳೂ ಹಾಗೆಯೇ. ಎರಡು ಕಣ್ಣು ತಂದುಕೊಟ್ಟ ಎರಡು ಚಿತ್ರಗಳನ್ನು ಸದ್ದಿಲ್ಲದೆ ಕೂಡಿಸಿ ಒಂದು ಮಾಡಿಕೊಳ್ಳುತ್ತದೆ. ಮಗುವಿನ ಒಂದು ಕಣ್ಣು ಓರೆಯಾಗಿದ್ದರೆ ಚಿತ್ರಗಳು ಕೂಡುವುದಿಲ್ಲ. ಆಗ ಮಿದುಳು ಒಳ್ಳೆಯ ಕಣ್ಣಿನ ಚಿತ್ರವನ್ನು ಇಟ್ಟುಕೊಂಡು ಇನ್ನೊಂದನ್ನು ಬದಿಗೆ ಸರಿಸುತ್ತದೆ. ಯಾರೂ ಮಾತಿಗೆ ಕರೆಯದ ಆ ಕಣ್ಣು ಮೆಲ್ಲಗೆ ನೋಡುವುದನ್ನೇ ಮರೆಯುತ್ತದೆ. ಇದಕ್ಕೆ ನಮ್ಮಲ್ಲಿರುವ ಮದ್ದು ಬಹಳ ಸರಳ: ದಿನಕ್ಕೆ ಕೆಲವು ತಾಸು ಒಳ್ಳೆಯ ಕಣ್ಣನ್ನು ಪಟ್ಟಿ ಹಾಕಿ ಮುಚ್ಚಬೇಕು. ಬೇರೆ ದಾರಿಯಿಲ್ಲದೆ ಸೋಮಾರಿ ಕಣ್ಣು ಕೆಲಸಕ್ಕಿಳಿಯುತ್ತದೆ. ಆದರೆ ಇದನ್ನು ಮಗು ಚಿಕ್ಕದಿರುವಾಗಲೇ ಮಾಡಬೇಕು. ದೊಡ್ಡವರಾದ ಮೇಲೆ ಬಂದವರಿಗೆ ನಾವು ಹೇಳಬಹುದಾದದ್ದು 'ತಡ ಆಗೇತ್ರಿ' ಎಂಬ ಎರಡು ಮಾತು ಮಾತ್ರ. ಈ ಎರಡು ಮಾತನ್ನು ಇಷ್ಟು ಸಲ ಹೇಳಬೇಕಾಗುತ್ತದೆ ಎಂದು ಕಾಲೇಜಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನನಗೆ ನೌಕರಿ ಸಿಕ್ಕ ಸುದ್ದಿ ಬಂದ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಆಯಿ, ನನ್ನ ಅಪ್ಪನ ತಾಯಿ. ಓಣಿಯ ಹೆಂಗಸರನ್ನು ಕರೆದು ಚಹಾ ಕೊಟ್ಟು, "ನಮ್ಮ ಹುಡುಗಿ ನಂದ ಕೆಲಸ ಕಲತು ಬಂದಾಳ ನೋಡ್ರಿ" ಎಂದಳು. "ನಾ ಸಾಲಿ ಕಲೀಲಾರದ ಮಾಡಿದ್ನಿ, ಆಕಿ ಕಲತು ಮಾಡತಾಳ. ಇಷ್ಟ ಫರಕ!" ಅನಂತರ ಮನೆಮಂದಿಗೆಲ್ಲ ಬಾಯಿಪಾಠವಾಗಿದ್ದ ಕಥೆ ಸುರುವಾಯಿತು. "ನನ್ನ ಮಗ ಸಣ್ಣಾಂವ ಇದ್ದಾಗ ಎಡಗಣ್ಣ ಮೂಗಿನ ಕಡೆ ಓಡತಿತ್ತು. ಸವದತ್ತಿಗೆ ಕಣ್ಣಿನ ಡಾಕ್ಟರ್ ಬಂದಾರಂತ ಎತ್ತಿಕೊಂಡು ಹ್ವಾದ್ನಿ. ಅವರು ಬಲಗಣ್ಣಿಗೆ ಪಟ್ಟಿ ಕಟ್ಟು ಅಂದ್ರು. ಬ್ಯಾನಿ ಇರೂದು ಎಡಗಣ್ಣಿಗೆ, ಚಲೋ ಕಣ್ಣ ಯಾಕ ಕಟ್ಟಬೇಕು? ಗದ್ದಲದಾಗ ಬಾಯಿ ತಪ್ಪಿ ಅಂದಾರಂತ ನಾನ ತಿದ್ದಿಕೊಂಡ್ನಿ. ದಿನಾ ಎಡಗಣ್ಣಿಗೆ ಔಡಲ ಎಣ್ಣಿ ಹಚ್ಚಿ, ನನ್ನ ಮೆತ್ತನ್ನ ಸೀರಿ ಹರದು ಪಟ್ಟಿ ಕಟ್ಟಿದ್ನಿ. ಈಗ ನೋಡ್ರಿ, ಕಣ್ಣ ಹೆಂಗ ನೆಟ್ಟಗೈತಿ!"

ಈ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಕಲಿತು ಬಂದ ಮೇಲೆ ಕೇಳಿದ್ದು ಅದೇ ಮೊದಲು. ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಅಪ್ಪನ ಕಡೆ ನೋಡಿದೆ. ಅವನು ಆಯಿಯ ಹಿಂದೆ ನಿಂತು, ಸುಮ್ಮನಿರು ಎನ್ನುವಂತೆ ನನಗಷ್ಟೇ ಕಾಣುವ ಹಾಗೆ ಕೈ ಆಡಿಸಿದ.

ನನ್ನ ಅಪ್ಪ ಯರಗಟ್ಟಿ ಪೇಟೆಯಲ್ಲಿ ಟೇಲರ್. ಮಷಿನ್ನಿನ ಸೂಜಿಗೆ ದಾರ ಪೋಣಿಸುವುದು ಚಿಕ್ಕಂದಿನಿಂದ ನನ್ನ ಕೆಲಸವಾಗಿತ್ತು. ಸಾಲಿಗೆ ಹೋಗುವ ಮೊದಲು ಅಂಗಡಿಗೆ ಓಡಿ, ಬಣ್ಣ ಬಣ್ಣದ ದಾರಗಳನ್ನು ಪೋಣಿಸಿಟ್ಟು ಹೋಗುತ್ತಿದ್ದೆ. ಮಗಳ ಮೇಲಿನ ಅಕ್ಕರೆಗೆ ಅಪ್ಪ ಆ ಕೆಲಸ ನನಗೇ ಬಿಟ್ಟಿದ್ದಾನೆ ಎಂದುಕೊಂಡು ಮೆರೆದಿದ್ದೇ ಮೆರೆದಿದ್ದು. ಅವನು ಕಪ್ಪಿಗೆ ಚಹಾ ಸುರಿಯಲು ಹೋಗಿ, ಗುರಿ ತಪ್ಪಿ ಕಪ್ಪಿನ ಕೆಳಗಿನ ಬಸಿಗೇ ಸುರಿಯುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಅವನೂ ನಗುತ್ತಿದ್ದ. ಎರಡು ಕಣ್ಣು ಕೂಡಿ ನೋಡದಿದ್ದರೆ ಸೂಜಿ ಎಷ್ಟು ದೂರ, ಕಪ್ಪು ಎಷ್ಟು ದೂರ ಎಂಬ ಅಂದಾಜು ಸರಿಯಾಗಿ ಸಿಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಓದುವಾಗ ಒಮ್ಮೆಯೂ ಅಪ್ಪನ ನೆನಪಾಗಲಿಲ್ಲ.

ಮರುದಿನ ಅಂಗಡಿಗೆ ಹೋಗಿ, ಏನೂ ಹೇಳದೆ ಅಪ್ಪನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರ್ ಓದಲು ಹೇಳಿದೆ.

"ತಾರೀಖಿನ ಮಾತಿರಲಿ, ಕ್ಯಾಲೆಂಡರ್ ಐತಿ ಅನ್ನೂದಷ್ಟ ತಿಳಿತೈತಿ" ಎಂದು ಅಪ್ಪ ನಕ್ಕ. ನಾನು ನಗಲಿಲ್ಲ. ಅವನು ನನ್ನ ಕೈಯನ್ನು ಮೆಲ್ಲಗೆ ಇಳಿಸಿದ.

"ಹರೇದಾಗ ಚಸ್ಮಾ ಮಾಡಸಾಕ ಬೆಳಗಾವಿಗೆ ಹೋದಾಗ ಅಲ್ಲಿ ಡಾಕ್ಟರ್ ಹೇಳಿದ್ರು. ಸಣ್ಣಾಂವ ಇದ್ದಾಗ ಚಲೋ ಕಣ್ಣಿಗೆ ಕಟ್ಟಿದ್ರ ಇದು ಸುಧಾರಸ್ತಿತ್ತಂತ. ಬಂದು ಅವ್ವನ ಮುಂದ ಏನ್ ಹೇಳ್ಲಿ? ನಾ ಪಟ್ಟಿ ಬಿಚ್ಚೇನಂತ ಆಕಿ ಹೊಲದ ಕೆಲಸ ಬಿಟ್ಟು ನನ್ನ ಕಾಯಕೊಂತ ಕುಂಡ್ರತಿದ್ಲು. ಬೆಳಕೋಂತ ಹೋದಂಗ ಕಣ್ಣ ತಾನ ನೆಟ್ಟಗ ಕಾಣಾಕ ಹತ್ತಿತು. ಆಕಿ ತಾನ ನೆಟ್ಟಗ ಮಾಡೇನಂತ ತಿಳಕೊಂಡಾಳ. ತಿಳಕೋಲಿ ಬಿಡು. ನೀ ಏನೂ ಅನಬ್ಯಾಡವಾ."

ನನಗೆ ಅಳು ಬಂತು. ಅಪ್ಪ ಗಿರಾಕಿಗಳು ಬರುತ್ತಾರೆಂದು ಗಾಬರಿಯಾಗಿ ಯಾರದೋ ಹೊಸ ಕುಪ್ಪಸದ ಬಟ್ಟೆಯಿಂದಲೇ ನನ್ನ ಮುಖ ಒರೆಸಿದ. ನಾನು ಕಲಿತ ವಿದ್ಯೆ ಮೊದಲು ಸಲ್ಲಬೇಕಾಗಿದ್ದು ಈ ಮನುಷ್ಯನಿಗೆ. ಅವನ ಎಡಗಣ್ಣಿಗೆ ನಾನು ಬೇಕಾಗಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ. ಹೀಗೆ ಹುಟ್ಟುವ ಮೊದಲೇ ತಡವಾಗಿಬಿಟ್ಟ ಕೆಲಸಕ್ಕೆ ಯಾರನ್ನು ಬೈಯುವುದು? ಈ ಹಳಹಳಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನನ್ನ ಕೆಲಸದ ರೀತಿ ಸ್ವಲ್ಪ ಬದಲಾಯಿತು. ಮಗುವನ್ನು ಕರೆತಂದ ಅಪ್ಪ ಅವ್ವಂದಿರನ್ನು ಬಿಟ್ಟು, ಮನೆಯಲ್ಲಿ ತಲೆ ಬಾಚುವವರು ಯಾರು, ಊಟ ಮಾಡಿಸುವವರು ಯಾರು ಎಂದು ಕೇಳುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಅಜ್ಜಿಯೇ ಇರುತ್ತಾಳೆ. ಮುಂದಿನ ಸಲ ಅವಳನ್ನೇ ಕರೆಸಿ, ಅವಳ ಕೈಯಿಂದಲೇ ಒಳ್ಳೆಯ ಕಣ್ಣಿಗೆ ಪಟ್ಟಿ ಹಚ್ಚಿಸುತ್ತೇನೆ. ಡಾಕ್ಟರರ ಮಾತನ್ನು ತಿದ್ದುವ ಅಧಿಕಾರ ಮನೆಯಲ್ಲಿ ಯಾರಿಗಿದೆಯೋ ಅವರನ್ನೇ ಒಪ್ಪಿಸುವುದು ಒಳ್ಳೆಯದಲ್ಲವೇ?

ಹೋದ ತಿಂಗಳು ಆಯಿಗೆ ಕಣ್ಣು ಮಂಜಾಯಿತೆಂದು ಅಪ್ಪ ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದ. ಚೀಟಿ ಮಾಡಿಸಲು ಅವನು ಸಾಲಿನಲ್ಲಿ ನಿಂತ. ಆಯಿ ಬಂದು ನನ್ನ ಕೋಣೆಯ ಬೆಂಚಿನ ಮೇಲೆ, ತನ್ನದೇ ದವಾಖಾನೆ ಎಂಬಂತೆ ಕುಳಿತಳು. ಅಷ್ಟರಲ್ಲಿ ಸವದತ್ತಿ ಕಡೆಯ ಹಳ್ಳಿಯಿಂದ ಭಾಗ್ಯಾ ಎಂಬ ಐದು ವರ್ಷದ ಹುಡುಗಿ ಅಜ್ಜಿಯ ಜೊತೆ ಬಂದಳು. ಎಡಗಣ್ಣು ಮೂಗಿನ ಕಡೆಗೆ ಓಡುತ್ತಿತ್ತು. ಎಂದಿನಂತೆ ಪರೀಕ್ಷೆ ಮಾಡಿ, ಎಂದಿನಂತೆ ಪಟ್ಟಿಯನ್ನು ಅಜ್ಜಿಯ ಕೈಗೆ ಕೊಟ್ಟು, "ಅಮ್ಮಾರ, ಬಲಗಣ್ಣಿಗೆ ಹಚ್ಚಬೇಕ್ರಿ" ಎಂದೆ.

"ಬಲಗಣ್ಣ ಚಲೋ ಐತೆಲ್ರಿ ಬಾಯಾರ! ಎಡಗಣ್ಣಿಗೆ ಹಚ್ಚಿದ್ರ ಏನಾಕ್ಕೈತ್ರಿ?"

ಆಗ ಬೆಂಚಿನ ಮೇಲೆ ಆಯಿ ಇದ್ದಾಳೆಂಬುದು ನೆನಪಾಯಿತು. ಏನಾದರೊಂದು ಹಾರಿಕೆಯ ಮಾತಾಡಿ, ಈ ಅಜ್ಜಿಯನ್ನು ಹೊರಗೆ ಕರೆದೊಯ್ದು ಹೇಳಬಹುದಿತ್ತು. ಆದರೆ ಅವಳು ಪಟ್ಟಿಯ ಕಾಗದ ಬಿಡಿಸಿ, ಎಡಗಣ್ಣಿನ ಹತ್ತಿರ ಆಗಲೇ ತಂದಿದ್ದಳು. ಹುಡುಗಿ ಸುಮ್ಮನೆ ಮುಖ ಒಡ್ಡಿ ನಿಂತಿದ್ದಳು. ನನ್ನ ಅಪ್ಪನೂ ಹೀಗೇ ನಿಂತಿದ್ದನೋ ಏನೋ.

"ಎಡಗಣ್ಣಿಗೆ ಹಚ್ಚಿದ್ರ ಅದು ನೋಡೂದನ್ನ ಮರೆತುಬಿಡತೈತ್ರಿ" ಎಂದೆ. "ಮುಂದ ಯಾವ ಡಾಕ್ಟರ್ ಕೈಲೂ ಆಗೂದಿಲ್ರಿ."

ಆಯಿಯ ಕಡೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆಂಚು ಕಿರುಗುಟ್ಟಿತು. ಆಯಿ ಎದ್ದು ಬಂದು ಹುಡುಗಿಯ ಗದ್ದ ಹಿಡಿದು, ಇನ್ನೊಬ್ಬ ಅಜ್ಜಿಯ ಕೈಯನ್ನು ತಾನೇ ಬಲಗಣ್ಣಿನ ಕಡೆ ಸರಿಸಿದಳು. "ಈಕಿ ಹೇಳಿದಂಗ ಮಾಡವಾ" ಎಂದಳು. "ನಮ್ಮ ಶ್ಯಾಣೇತನ ನಡುವ ತರೂದು ಬ್ಯಾಡ." ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ಅವಳು ನನ್ನ ಮುಖ ನೋಡದೆ ಹೊರಗೆ ಹೋಗಿ ಅಪ್ಪನ ಪಕ್ಕದಲ್ಲಿ ಸಾಲಿನಲ್ಲಿ ನಿಂತಳು.

ಸಂಜೆ ಮೂವರೂ ಒಂದೇ ಬಸ್ಸಿಗೆ ಮರಳಿದೆವು. ದಾರಿಯುದ್ದಕ್ಕೂ ಆಯಿ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಆಯಿಗೆ ಗೊತ್ತಾಯಿತೇ ಎಂದು ಅಪ್ಪ ಎರಡು ಸಲ ನನ್ನನ್ನು ಸನ್ನೆಯಿಂದ ಕೇಳಿದ, ನಾನು ಹೌದೆಂದು ತಲೆಯಾಡಿಸಿದೆ. ಯರಗಟ್ಟಿಯಲ್ಲಿ ಇಳಿದು ದೊಡ್ಡ ರಸ್ತೆ ದಾಟಬೇಕು. ಪೇಟೆಯಲ್ಲಿ ಯಾವಾಗಲೂ ನಮಗಿಂತ ಮುಂದೆ ನಡೆಯುವ ಆಯಿ ಅಂದು ಅಪ್ಪನ ಎಡಗಡೆಗೆ ಬಂದು, ಅವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಿಲ್ಲೋ, ಈ ಕಡೆ ಟ್ರ್ಯಾಕ್ಟರ್ ಬರಾಕ ಹತ್ತೇತಿ" ಎಂದಳು.

ಸೋಮಾರಿ ಕಣ್ಣಿಗೆ ಅಕ್ಷರ ಕಾಣುವುದಿಲ್ಲವೇ ಹೊರತು, ಬದಿಯಿಂದ ಬರುವ ಟ್ರ್ಯಾಕ್ಟರ್ ಕಾಣುತ್ತದೆ. ಅಪ್ಪನ ಎಡಗಡೆಗೆ ಯಾರ ಕಾವಲೂ ಬೇಕಿಲ್ಲ. ಆಯಿ ಈ ಸಲವೂ ಬೇಡದ ಮದ್ದನ್ನೇ ಮಾಡುತ್ತಿದ್ದಳು. ಹೇಳಬೇಕಾದದ್ದು ನನ್ನ ಕೆಲಸ, ಆದರೆ ನಾನು ಹೇಳಲಿಲ್ಲ.

ಟ್ರ್ಯಾಕ್ಟರ್ ಬರುವುದನ್ನು ಅಪ್ಪ ಅವಳಿಗಿಂತ ಮೊದಲೇ ನೋಡಿದ್ದ. "ಹೌದೇನ್ ಯವ್ವಾ? ನನಗ ಕಾಣಲೇ ಇಲ್ಲ" ಎಂದು ನಿಂತುಕೊಂಡ.