ಗೋಡೆಯಿಂದ ಇಳಿದ ಮಾವ

ಅಂಟಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ರಾಯಚೂರು, ಮಾನ್ವಿ, ದೇವದುರ್ಗ ಎಲ್ಲಿಯೂ ಹುಟ್ಟಿಲ್ಲ. ಮದುವೆಮನೆಗಳಲ್ಲಿ ಬೀಗರ ಚಪ್ಪಲಿಗಳನ್ನು ನೆಲಕ್ಕೆ ಅಂಟಿಸಿ, ಅವರು ಮುಗ್ಗರಿಸಿದಾಗ ಮೊದಲು ಓಡಿಹೋಗಿ ಕೈಹಿಡಿದು ಎಬ್ಬಿಸಿ ಆಶೀರ್ವಾದ ಪಡೆದವನು ನಾನು.

ಅತ್ತೆ ಮಸರಕಲ್ಲಿನಿಂದ ಕಣ್ಣಿನ ಆಪರೇಷನ್ನಿಗೆಂದು ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬಂದಳು. ಅವಳು ನನ್ನ ಹೆಂಡತಿಯ ತಾಯಿ. ಅದಕ್ಕೂ ಮೊದಲು ನನ್ನ ಅಪ್ಪನ ತಂಗಿ. ಹಾಗಾಗಿ ನಾನು ಮುದುಕನಾದರೂ ಅವಳ ಬಾಯಲ್ಲಿ ಇನ್ನೂ ‘ಲೇ’. ಬಂದವಳು ಸೀರೆ ಗಂಟಿಗಿಂತ ಮೊದಲು ಬಿಚ್ಚಿದ್ದು ತೀರಿಹೋದ ಮಾವನ ಫೋಟೊ. ಅವನದು ಇರುವುದೇ ಅದೊಂದು. ಹಳೆಯದಾಗಿ ಮುಖ ಗಾಜಿಗೇ ಹತ್ತಿಕೊಂಡಿತ್ತು. ಗಾಜು ಒಡೆದರೆ ಮಾವನೂ ಚೂರುಚೂರೇ.

ಟೈಲ್ಸಿನ ಗೋಡೆಗೆ ಮೊಳೆ ಹೊಡೆಯಬಾರದೆಂದು ಮನೆ ಮಾಲೀಕರ ಕಟ್ಟಪ್ಪಣೆ. ನಾನು ಎರಡೂ ಬದಿ ಅಂಟುವ ದಪ್ಪ ಟೇಪು ತಂದೆ. ಅದರಿಂದ ಗೋಡೆಗೊಂದು ಕೊಕ್ಕೆ ಅಂಟಿಸಿ, ನೀರು ತುಂಬಿದ ಬಕೆಟ್ ತೂಗುಹಾಕಿ, ಝಾಡಿಸಿ ಎಳೆದು ತೋರಿಸಿದೆ. ಅಲುಗಲಿಲ್ಲ. ಎತ್ತು ಕಟ್ಟಿದರೂ ನಿಲ್ಲುತ್ತದೆ ಎಂದು ಮೀಸೆ ತಿರುವಿದೆ. ಬರೀ ಗೋಡೆಗೆ ಗಂಡನನ್ನು ನಿಲ್ಲಿಸಲು ಒಪ್ಪದ ಅತ್ತೆ, ಆ ಜಾಗಕ್ಕೆ ಮೂರು ಬೆರಳ ವಿಭೂತಿ ಎಳೆದು ಕೈಮುಗಿದಳು. ಫೋಟೊದ ಹಿಂದೆ ಮೇಲೊಂದು, ಕೆಳಗೊಂದು ಟೇಪು ಹಚ್ಚಿ, ಅದರ ಮೇಲೆಯೇ ನಾನು ಒತ್ತಿದೆ.

ಬೆಳಗಿನಿಂದ ಮಾವ ಕಣ್ಣು ಹೊಡೆದ, ಚಹಾ ಕೇಳಿದ ಎಂದು ಅತ್ತೆಯನ್ನು ರೇಗಿಸಿದ್ದೆ. ನಮ್ಮೂರಿನ ಬಿಸಿಲು ಗೊತ್ತಲ್ಲ. ಮಧ್ಯಾಹ್ನಕ್ಕೆ ಗೋಡೆಯೇ ಕಾದ ಹಂಚು. ನೋಡಿದರೆ ಮಾವ ಒಂದು ಬೆರಳು ಕೆಳಗೆ ಜಾರಿದ್ದ. ಝಾಡಿಸಿದರೆ ಜಗ್ಗದ ಅಂಟು, ಸುಮ್ಮನೆ ತೂಗುವ ಭಾರಕ್ಕೆ ಮೆತ್ತಗಾಗಿ ಹಿಗ್ಗುತ್ತಿತ್ತು. ಫೋಟೊದ ತಲೆ ಮುಂದಕ್ಕೆ ಬಾಗಿತು. ನಾನು ಎರಡೂ ಅಂಗೈಯಿಂದ ತಡೆದು ನಿಂತೆ. ಹಿಂದೆ ಇಣುಕಿದರೆ ಮೇಲಿನ ಟೇಪು ಪೂರಾ ಬಿಟ್ಟಿತ್ತು. ಕೆಳಗಿನದು ಹೆಚ್ಚಿದ ಬೆಂಡೆಕಾಯಿಯ ಲೋಳೆಯಂತೆ ಎಳೆ ಎಳೆಯಾಗಿ ಇನ್ನೂ ಹಿಡಿದಿತ್ತು. ಕಿತ್ತರೆ ಹಳೆಯ ಚೌಕಟ್ಟು ಬಿಚ್ಚಿ ಗಾಜು ಹೋಗುತ್ತದೆ. ಬಿಟ್ಟರೆ ಬಿದ್ದೇ ಹೋಗುತ್ತದೆ.

“ಅತ್ತೀ, ಬಾ ಇಲ್ಲಿ. ಮಾವ ಬೀಳಾಕತ್ತಾನ.”

ಅಡುಗೆಮನೆಯಲ್ಲಿ ತಾಯಿ, ಮಗಳು ಇಬ್ಬರೂ ನಕ್ಕರು. “ಚಾ ಕೇಳಾಕ ಇಳದಿರಬೇಕು, ಕುಡಿಸು,” ಎಂದಳು ಅತ್ತೆ.

ಆಣೆ ಮಾಡಿದೆ. ನನ್ನ ಆಣೆಗಳ ಬೆಲೆ ಹೆಂಡತಿಗೆ ಗೊತ್ತು. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಮಾವನ ಮೂಗಿಗೆ ನನ್ನ ಮೂಗು ತಾಗುವಷ್ಟು ಹತ್ತಿರ ನಿಂತು, ಬದುಕಿದ್ದಾಗ ಕೊಡದಷ್ಟು ಮರ್ಯಾದೆ ಕೊಟ್ಟು, ಸ್ವಲ್ಪ ತಡೆಯಪ್ಪಾ ಎಂದು ಬೇಡಿಕೊಂಡೆ. ಕೂಗಿದರೆ ಫೋಟೊ ಅಲುಗೀತೆಂದು ಮತ್ತೆ ಕರೆಯದೆ ಸುಮ್ಮನಾದೆ.

ಆ ಮೌನಕ್ಕೇ ಅತ್ತೆ ಎದ್ದು ಬಂದಳು. ಮಂಜುಗಣ್ಣಿನಿಂದ ನನ್ನ ಮುಖ ನೋಡಿ, “ನಗಲಾರದ ನಿಂತಾನ ಅಂದ್ರ ಖರೇನ ಅದ,” ಎನ್ನುತ್ತ ಸೆರಗು ಒಡ್ಡಿದಳು. ನಾನು ಎಳೆಯಲಿಲ್ಲ, ಭಾರವನ್ನಷ್ಟೇ ನಿಧಾನವಾಗಿ ಬಿಟ್ಟೆ. ಎಳೆಗಳು ಉದ್ದವಾಗಿ, ಕೂದಲಿನಷ್ಟು ಸಣ್ಣಗಾಗಿ, ಒಂದೊಂದಾಗಿ ಹರಿದವು. ಮಾವ ಅವಳ ಸೆರಗಿಗೆ ಇಳಿದ, ಇಡಿಯಾಗಿ.

ಮೇಲಿನ ಟೇಪು ಬೂದಿ ಮೆತ್ತಿ ಬೆಳ್ಳಗಿತ್ತು. ನನ್ನ ಅಂಟು ಸೋತಿಲ್ಲ, ನಿನ್ನ ವಿಭೂತಿ ಅದಕ್ಕೆ ಗೋಡೆಯನ್ನೇ ಮುಟ್ಟಗೊಡಲಿಲ್ಲ ಎಂದು ವಾದಿಸಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಗಾಜು ಒರೆಸುತ್ತ, ಮುಖವನ್ನು ಬೆರಳಿನಿಂದ ತಡವಿ ನೋಡಿದಳು.

“ಇಷ್ಟ ವರ್ಷ ಗ್ವಾಡಿಗೆ ನಿಂತು ನಿಂತು ಕಾಲು ಸೋತಿರಬೇಕಲೇ ಅವಂಗ. ಕುಂದ್ರಲಿ.”

ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲೇ ಕೂರಿಸಿದಳು, ಬೆನ್ನಿಗೆ ದಿಂಬು ಕೊಟ್ಟು. ಈಗ ನಾನು ಚಹಾ ಕುಡಿಯುವುದು ನೆಲದ ಮೇಲೆ, ಅವನ ಕಾಲ ಬುಡದಲ್ಲಿ.